ಗಾಯ ಕಟ್ಟುವವಳ ಕೈಯಲ್ಲಿ ಗದೆ

'ನೀವು ಹಿಂದೆ ನಿಂತುಕೊಂಡು ಗಾಯ ವಾಸಿ ಮಾಡುತ್ತಿರಿ, ಅಷ್ಟು ಸಾಕು' ಎಂಬ ಮಾತಿನಷ್ಟು ನಯವಾಗಿ ಒಬ್ಬರ ಕೈಯಿಂದ ಆಯುಧ ಕಿತ್ತುಕೊಳ್ಳುವ ಮಾತು ಇನ್ನೊಂದಿರಲಾರದು. ಕೇಳಲಿಕ್ಕೆ ಅದು ಗೌರವದ ಮಾತೇ. ನೀವಿಲ್ಲದೆ ನಾವಿಲ್ಲ, ನೀವೇ ನಮ್ಮ ಪ್ರಾಣ ಎಂಬ ಹೊಗಳಿಕೆಯೂ ಅದರ ಬೆನ್ನಿಗೆ ಬರುತ್ತದೆ. ಹೊಗಳಿಕೆ ಮುಗಿದ ಮೇಲೆ ನೋಡಿಕೊಂಡರೆ ಕೈ ಖಾಲಿಯಾಗಿರುತ್ತದೆ. ಈ ಮಾತು ನನ್ನ ಕಿವಿಗೆ ಬಿದ್ದದ್ದು ಅಡುಗೆಮನೆಯಲ್ಲಲ್ಲ, ಸ್ಟಾಫ್ ರೂಮಿನಲ್ಲೂ ಅಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದ ಮೇಜಿನ ಸುತ್ತ. ಆ ಆಟದಲ್ಲಿ ಕ್ಲೆರಿಕ್ ಎಂಬ ಪಾತ್ರ ವಹಿಸುವವರು ಯಾವ ಆಯುಧ ಹಿಡಿಯಬೇಕು, ಹೊಡೆತದ ಯಾವ ಮಂತ್ರಗಳನ್ನು ಆರಿಸಿಕೊಳ್ಳಬೇಕು ಎಂಬುದೇ ಇಲ್ಲಿನ ನನ್ನ ವಾದದ ವಿಷಯ. ಐವತ್ತು ದಾಟಿದ ಟೀಚರಮ್ಮನಿಗೆ ಈ ಉಸಾಬರಿ ಯಾಕೆ ಎಂದು ಮೂಗಿನ ಮೇಲೆ ಬೆರಳಿಡುವವರು ಇಟ್ಟುಕೊಳ್ಳಲಿ. ಓದಿ ಮುಗಿಸುವ ಹೊತ್ತಿಗೆ ಬೆರಳು ತಾನಾಗಿ ಕೆಳಗಿಳಿದೀತು.

ಆಟ ತಿಳಿಯದವರಿಗಾಗಿ ನಾಲ್ಕು ಮಾತು. ಇದಕ್ಕೆ ಬೇಕಾದದ್ದು ಹಾಳೆ, ಪೆನ್ಸಿಲು, ಮತ್ತು 4 ಮುಖದಿಂದ 20 ಮುಖದವರೆಗಿನ ಬಗೆಬಗೆಯ ದಾಳಗಳು. ಒಬ್ಬರು ಕಥೆ ಹೇಳುತ್ತಾರೆ. ಅವರಿಗೆ ಡಂಜನ್ ಮಾಸ್ಟರ್ ಎಂದು ಹೆಸರು. ಉಳಿದವರು ಆ ಕಥೆಯೊಳಗಿನ ಒಂದೊಂದು ಪಾತ್ರವಾಗುತ್ತಾರೆ. ಒಬ್ಬ ಕತ್ತಿ ಹಿಡಿದ ವೀರ, ಒಬ್ಬ ಮಾಂತ್ರಿಕ, ಒಬ್ಬ ಬೀಗ ಮುರಿಯುವ ಚಾಲಾಕಿ, ಮತ್ತೊಬ್ಬರು ಕ್ಲೆರಿಕ್, ಅಂದರೆ ಯಾವುದೋ ಒಂದು ದೇವರ ಹೆಸರಿನಲ್ಲಿ ಶಕ್ತಿ ಪಡೆದು ಕಾದಾಡುವವರು. ಪ್ರತಿಯೊಬ್ಬರಿಗೂ ಇಷ್ಟು ಹಿಟ್ ಪಾಯಿಂಟ್ ಎಂದು ಇರುತ್ತದೆ. ಅದನ್ನು ಜೀವದ ಅಂಕ ಎನ್ನೋಣ. ಪೆಟ್ಟು ಬಿದ್ದರೆ ಅಂಕ ಇಳಿಯುತ್ತದೆ, ಸೊನ್ನೆಗೆ ಬಂದರೆ ಪಾತ್ರ ಪ್ರಜ್ಞೆ ತಪ್ಪಿ ಬೀಳುತ್ತದೆ. ಇಳಿದ ಅಂಕವನ್ನು ಮಂತ್ರದಿಂದ ಏರಿಸುವ ಶಕ್ತಿ ಕ್ಲೆರಿಕ್‌ಗೆ ಉಂಟು. ಗ್ರಹಚಾರ ಶುರುವಾಗುವುದು ಇಲ್ಲಿಂದಲೇ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗಳು ಕೆಲವು ವರ್ಷಗಳ ಕೆಳಗೆ ರಜೆಗೆ ಬಂದಾಗ ಈ ಆಟವನ್ನು ಮನೆಗೆ ತಂದಳು. ನನ್ನ ತಂಗಿಯ ಮಗ, ಅವನ ಇಬ್ಬರು ಸ್ನೇಹಿತರು, ಮಗಳ ಜೊತೆ ಓದಿದ ಒಬ್ಬ ಹುಡುಗಿ ಹೀಗೆ ಭಾನುವಾರದ ಗುಂಪೊಂದು ನಮ್ಮ ಊಟದ ಮೇಜಿನ ಸುತ್ತ ಸೇರತೊಡಗಿತು. ಉಪ್ಪಿಟ್ಟು ಕಾಫಿ ಕೊಡುತ್ತ ನಾನು ನೋಡುತ್ತಿದ್ದೆ. ಆ ಹುಡುಗಿ ಮೊದಲ ದಿನ ಸ್ವಲ್ಪ ತಡವಾಗಿ ಬಂದಳು. ವೀರ, ಮಾಂತ್ರಿಕ, ಚಾಲಾಕಿ ಎಲ್ಲ ಹಂಚಿಹೋಗಿತ್ತು. ಅವಳ ಪಾಲಿಗೆ ಕ್ಲೆರಿಕ್ ಉಳಿದಿತ್ತು. ಅವಳ ಹಾಳೆಯನ್ನೂ ಹುಡುಗರೇ ತುಂಬಿ ಕೊಟ್ಟರು, ಗಾಯ ವಾಸಿಮಾಡುವ ಮಂತ್ರಗಳನ್ನೇ ಆರಿಸಿ. ಮೂರು ಭಾನುವಾರ ತನ್ನ ಸರದಿ ಬಂದಾಗಲೆಲ್ಲ ಅವಳು 'ಯಾರಿಗೆ ಎಷ್ಟು ಕಡಿಮೆಯಾಗಿದೆ?' ಎಂದು ಕೇಳುತ್ತ ಕುಳಿತಿದ್ದಳು, ಯಾರಿಗೆ ಇನ್ನೊಂದು ಸೌಟು ಸಾರು ಬೇಕು ಎಂದು ನಾವು ಕೇಳುವ ಹಾಗೆ. ನಾಲ್ಕನೆಯ ಭಾನುವಾರ ಅವಳು ಬರಲಿಲ್ಲ. 'ಅಯ್ಯೋ, ಇನ್ನು ಹೀಲಿಂಗ್ ಯಾರು ಮಾಡ್ತಾರೆ?' ಎಂದರು. ಅವಳು ಯಾಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ. ಆಗ ತಂಗಿಯ ಮಗ ನನ್ನ ಕಡೆ ತಿರುಗಿ, 'ದೊಡ್ಡಮ್ಮ, ನೀವು ಬನ್ನಿ, ಹಿಂದೆ ನಿಂತುಕೊಂಡು ವಾಸಿ ಮಾಡ್ತಾ ಇರಿ, ಸಾಕು' ಎಂದ. ನಾನು ಕುಳಿತೆ. ಆದರೆ ಕುಳಿತುಕೊಳ್ಳುವ ಮೊದಲು ನಿಯಮದ ಪುಸ್ತಕ ಕೇಳಿ ಪಡೆದು ಒಂದು ವಾರ ಓದಿದೆ. ಪಾಠ ಮಾಡುವವರ ಚಟ ಅದು, ಪುಸ್ತಕ ಓದದೆ ತರಗತಿಗೆ ಹೋಗುವುದಿಲ್ಲ. ಓದಿದ ಮೇಲೆ ನನಗೆ ಸ್ಪಷ್ಟವಾದದ್ದು ಇಷ್ಟು: ಕ್ಲೆರಿಕ್ ಎಂದರೆ ಹಿಂದೆ ನಿಂತ ದಾದಿ ಎಂಬುದು ಪುಸ್ತಕದಲ್ಲಿ ಎಲ್ಲೂ ಇಲ್ಲ. ಅದು ಮೇಜಿನ ಸುತ್ತ ಕುಳಿತವರು ತಮ್ಮ ಅನುಕೂಲಕ್ಕೆ ಬರೆದುಕೊಂಡ ನಿಯಮ.

ಕ್ಲೆರಿಕ್ ಹುಟ್ಟಿದ ಕಥೆಯನ್ನೇ ನೋಡಿ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಸೇರಿ ಈ ಆಟವನ್ನು 1974ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು ಮಿನೆಸೋಟದಲ್ಲಿ ಆರ್ನೆಸನ್ ತನ್ನ ಗೆಳೆಯರೊಡನೆ ಬ್ಲ್ಯಾಕ್‌ಮೂರ್ ಎಂಬ ಕಲ್ಪನೆಯ ನಾಡಿನ ಕಥೆ ಆಡಿಸುತ್ತಿದ್ದ. ಆ ಗುಂಪಿನಲ್ಲಿ ಒಬ್ಬನ ಪಾತ್ರ ಸರ್ ಫ್ಯಾಂಗ್ ಎಂಬ ರಕ್ತಪಿಪಾಸು ವ್ಯಾಂಪೈರ್. ಅವನ ಬಲ ಏರುತ್ತ ಹೋಗಿ ಯಾರ ಕೈಗೂ ಸಿಗದಂತಾದಾಗ, ಅವನನ್ನು ಬೇಟೆಯಾಡಲೆಂದೇ ಒಂದು ಹೊಸ ಪಾತ್ರವನ್ನು ಹೂಡಿದರು. ಹಳೆಯ ಭಯಾನಕ ಸಿನಿಮಾಗಳಲ್ಲಿ ಶಿಲುಬೆ ಹಿಡಿದು ಡ್ರಾಕುಲನ ಬೆನ್ನಟ್ಟುವ ವಾನ್ ಹೆಲ್ಸಿಂಗ್ ಇದ್ದಾನಲ್ಲ, ಆ ಬಗೆಯ ಪಾತ್ರ. ಅದೇ ಕ್ಲೆರಿಕ್‌ನ ಮೂಲ. 1974ರ ಪುಸ್ತಕದಲ್ಲಿ ಮೊದಲ ಹಂತದ ಕ್ಲೆರಿಕ್‌ಗೆ ಒಂದೇ ಒಂದು ಮಂತ್ರವೂ ಇರಲಿಲ್ಲ, ಗಾಯ ವಾಸಿಮಾಡುವುದೂ ಇರಲಿಲ್ಲ. ಇದ್ದದ್ದು ಕವಚ, ಗದೆ, ಮತ್ತು ಸತ್ತೆದ್ದ ಭೂತಗಳನ್ನು ದೇವರ ಹೆಸರಿನಿಂದ ಓಡಿಸುವ ಶಕ್ತಿ. ಅಂದಮೇಲೆ ಹೊಡೆಯುವುದು ಕ್ಲೆರಿಕ್‌ನ ಹುಟ್ಟುಗುಣ, ವಾಸಿ ಮಾಡುವುದು ಆಮೇಲೆ ಕಲಿತ ವಿದ್ಯೆ. ಆಮೇಲೆ ಕಲಿತದ್ದನ್ನೇ ಕೊರಳಿಗೆ ಕಟ್ಟಿ ಹುಟ್ಟುಗುಣವನ್ನು ಮರೆಸುವುದು ಯಾವ ನ್ಯಾಯ?

ಇನ್ನು ಆಯುಧದ ಮಾತು. ಮೊದಲಿನ ನಿಯಮಗಳಲ್ಲಿ ಕ್ಲೆರಿಕ್ ಅಲಗಿರುವ ಆಯುಧವನ್ನು ಮುಟ್ಟುವಂತಿರಲಿಲ್ಲ. 1978ರ ಪುಸ್ತಕವೂ ಗದೆ, ದೊಣ್ಣೆ, ಸುತ್ತಿಗೆ, ಕೋಲು ಇಂಥವುಗಳನ್ನೇ ಅನುಮತಿಸಿತು. ಕತ್ತಿ ಇಲ್ಲ, ಬಾಣವಿಲ್ಲ. ದೇವರ ಸೇವಕ ರಕ್ತ ಹರಿಸಬಾರದು ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಗದೆಯಿಂದ ತಲೆ ಒಡೆದರೆ ರಕ್ತ ಬರುವುದಿಲ್ಲವೇ ಎಂದು ನನ್ನ ಎಂಟನೆಯ ತರಗತಿಯ ಮಕ್ಕಳೂ ಕೇಳಿಯಾರು. ಇದಕ್ಕೆ ಸಾಕ್ಷಿಯಾಗಿ ಹುಡುಗರು ಫ್ರಾನ್ಸಿನ ಬೇಯೂ ಕಸೂತಿಯನ್ನು ತೋರಿಸುತ್ತಾರೆ. 1066ರ ಹೇಸ್ಟಿಂಗ್ಸ್ ಯುದ್ಧದ ಕಥೆಯನ್ನು ನಾರಗಸೆ ಬಟ್ಟೆಯ ಮೇಲೆ ಉಣ್ಣೆಯ ದಾರದಲ್ಲಿ ಹೊಲಿದ, ಸುಮಾರು 70 ಮೀಟರ್ ಉದ್ದದ ಪಟ್ಟಿ ಅದು. ಅದರಲ್ಲಿ ಬಿಷಪ್ ಓಡೊ ಕುದುರೆಯೇರಿ ದೊಣ್ಣೆ ಹಿಡಿದಿದ್ದಾನೆ ನಿಜ. ಆದರೆ ಅದೇ ಕಸೂತಿಯಲ್ಲಿ ಅವನ ಅಣ್ಣ ವಿಲಿಯಂ ದೊರೆಯ ಕೈಯಲ್ಲೂ ದೊಣ್ಣೆ ಇದೆ, ವಿಲಿಯಂ ಪಾದ್ರಿಯಾಗಿರಲಿಲ್ಲ. ಅದು ಅಧಿಕಾರದ ಗುರುತು, ಅಹಿಂಸೆಯದಲ್ಲ ಎಂಬುದು ಅನೇಕ ಚರಿತ್ರಕಾರರ ಅಭಿಪ್ರಾಯ. ಇತ್ತ ಫ್ರೆಂಚರ ಹಳೆಯ ವೀರಕಾವ್ಯವಾದ ರೋಲಾಂಡನ ಕಥೆಯಲ್ಲಿ ಆರ್ಚ್‌ಬಿಷಪ್ ಟರ್ಪಿನ್ ಧಾರಾಳವಾಗಿ ಕತ್ತಿ, ಈಟಿಗಳನ್ನೇ ಬೀಸುತ್ತಾನೆ.

ಚರ್ಚಿನ ಕಟ್ಟಳೆ ನಿಜವಾಗಿ ಹೇಳಿದ್ದೇನು? 1215ರಲ್ಲಿ ರೋಮಿನ ಲ್ಯಾಟರನ್‌ನಲ್ಲಿ ಸೇರಿದ ಮಹಾಸಭೆ, ಪಾದ್ರಿಗಳು ಮರಣದಂಡನೆ ವಿಧಿಸುವುದನ್ನೂ ಅದನ್ನು ಜಾರಿಗೊಳಿಸುವುದನ್ನೂ ನಿಷೇಧಿಸಿತು. ಅದೇ ಕಟ್ಟಳೆಯಲ್ಲಿ ಕೊಯ್ಯುವ, ಸುಡುವ ಶಸ್ತ್ರಚಿಕಿತ್ಸೆಯನ್ನೂ ನಿಷೇಧಿಸಿತು. ನೋಡಿದಿರಾ? ರಕ್ತ ಮುಟ್ಟಬಾರದು ಎಂದವರು ಗಾಯಕ್ಕೆ ಕತ್ತರಿ ಹಾಕುವುದನ್ನೂ ಬೇಡವೆಂದರು. ಆಟದವರು ಇದರಲ್ಲಿ ತಮಗೆ ಬೇಕಾದ ಅರ್ಧವನ್ನು ಮಾತ್ರ ಎತ್ತಿಕೊಂಡು ಕತ್ತಿ ಬೇಡ ಎಂದರು, ಶುಶ್ರೂಷೆಯನ್ನು ಮಾತ್ರ ಬೇಕೇ ಬೇಕು ಎಂದರು. ಶಾಸ್ತ್ರವನ್ನು ಹೀಗೆ ಅರ್ಧ ಮಾತ್ರ ಎತ್ತಿ ಹೇಳುವ ಜಾಣರು ನಮಗೇನು ಹೊಸಬರಲ್ಲ. ಪುಣ್ಯಕ್ಕೆ ಆಟದ ಪುಸ್ತಕವೇ ತಿದ್ದಿಕೊಂಡಿತು. 1989ರ ಆವೃತ್ತಿ ಒಂದೊಂದು ದೇವರ ಆರಾಧಕರಿಗೆ ಆ ದೇವರಿಗೆ ತಕ್ಕ ಆಯುಧ ಇರಬಹುದೆಂದು ಒಪ್ಪಿತು. 2000ದ ಆವೃತ್ತಿಯಲ್ಲಿ ಅಲಗಿನ ಕಟ್ಟು ಬಿದ್ದೇಹೋಯಿತು. 2014ರ ನಿಯಮದಲ್ಲಿ ಯುದ್ಧದ ಇಲ್ಲವೇ ಬಿರುಗಾಳಿಯ ದೇವರನ್ನು ನಂಬಿದವರಿಗೆ ಎಲ್ಲ ಬಗೆಯ ಆಯುಧವೂ ದಪ್ಪ ಕವಚವೂ ಸಿಕ್ಕಿತು. 2024ರ ಪರಿಷ್ಕೃತ ಪುಸ್ತಕದಲ್ಲಂತೂ ಯಾವ ದೇವರ ಕ್ಲೆರಿಕ್ ಆದರೂ ಮೊದಲ ಹಂತದಲ್ಲೇ ಪ್ರೊಟೆಕ್ಟರ್ ಎಂಬ ದಾರಿ ಹಿಡಿದು ಆ ಎರಡನ್ನೂ ಪಡೆಯಬಹುದು. ಪುಸ್ತಕ ಕೊಟ್ಟ ಹಕ್ಕನ್ನು ಮೇಜಿನವರು ಕೊಡದಿರುವುದು ಈಗ ಉಳಿದಿರುವ ತಕರಾರು.

'ಹಕ್ಕು ಗಿಕ್ಕು ಬಿಡಿ ದೊಡ್ಡಮ್ಮ, ನೀವು ವಾಸಿ ಮಾಡದಿದ್ದರೆ ನಾವು ಸಾಯ್ತೀವಿ' ಎಂಬುದು ಎದುರು ಪಕ್ಷದ ಬಲವಾದ ವಾದ. ಬಲವಾದದ್ದನ್ನೇ ಮೊದಲು ನೋಡೋಣ. ನಾನು ಸಮಾಜ ಪಾಠದವಳು, ಗಣಿತದವಳಲ್ಲ. ಆದರೆ ತಿಂಗಳ ಖರ್ಚು ತೂಗಿಸಿದ ಯಾವ ಹೆಂಗಸಿಗೂ ಈ ಲೆಕ್ಕ ಬರುತ್ತದೆ. ಎದುರಿಗೆ ಓಗರ್ ಎಂಬ ದೈತ್ಯನಿದ್ದಾನೆ ಎನ್ನಿ. ಅವನ ದೊಣ್ಣೆಯ ಒಂದು ಪೆಟ್ಟಿಗೆ ಸರಾಸರಿ 13 ಅಂಕ ಹೋಗುತ್ತದೆ. ಕ್ಯೂರ್ ವೂಂಡ್ಸ್ ಎಂಬ ವಾಸಿಯ ಮಂತ್ರ, ಜ್ಞಾನಬಲ ಚೆನ್ನಾಗಿರುವ ಮೊದಲ ಹಂತದ ಕ್ಲೆರಿಕ್ ಹೇಳಿದರೆ, 2014ರ ನಿಯಮದಂತೆ ಸರಾಸರಿ ಏಳೂವರೆ ಅಂಕ ಮರಳಿ ಕೊಡುತ್ತದೆ. 2024ರಲ್ಲಿ ಅದರ ದಾಳವನ್ನು ಎರಡು ಪಟ್ಟು ಮಾಡಿದರು. ಈಗ ಸರಾಸರಿ 12. ಇಷ್ಟು ಉದಾರವಾದ ಮೇಲೂ ಅದು ದೈತ್ಯನ ಒಂದು ಪೆಟ್ಟನ್ನು ತುಂಬಿಕೊಡಲಾರದು. ಅಂಥ ಮಂತ್ರಗಳು ಮೊದಲ ಹಂತದಲ್ಲಿ ದಿನಕ್ಕೆ ಎರಡೇ. ತೂತು ಬಿದ್ದ ಕೊಡಕ್ಕೆ ನೀರು ಹೊಯ್ಯುತ್ತ ಕುಳಿತರೆ ಬಾವಿ ಬತ್ತೀತೇ ಹೊರತು ಕೊಡ ತುಂಬದು.

ಅದೇ ಸರದಿಯಲ್ಲಿ ಆಕೆ ಗೈಡಿಂಗ್ ಬೋಲ್ಟ್ ಎಂಬ ಬೆಳಕಿನ ಬಾಣದ ಮಂತ್ರ ಹೇಳಿದರೆ? ಆ ದೈತ್ಯನಿಗೆ ಅದು 20 ಮುಖದ ದಾಳದಲ್ಲಿ 6 ಅಥವಾ ಮೇಲೆ ಬಿದ್ದರೆ ತಗಲುತ್ತದೆ, ಅಂದರೆ 20ಕ್ಕೆ 15 ಸಲ. ತಗಲಿದರೆ ಸರಾಸರಿ 14 ಅಂಕದ ಪೆಟ್ಟು. ಅಷ್ಟೇ ಅಲ್ಲ, ಪೆಟ್ಟು ತಿಂದವನ ಮೈ ಬೆಳಗುತ್ತಿರುತ್ತದೆ. ಅವನ ಮೇಲೆ ಮುಂದೆ ಕೈ ಎತ್ತುವ ಗೆಳೆಯ ಎರಡು ಸಲ ದಾಳ ಎಸೆದು ಹೆಚ್ಚಿನದನ್ನು ಇಟ್ಟುಕೊಳ್ಳಬಹುದು. ಇದು ಗೆಳೆಯನಿಗೆ ಮಾಡಿದ ಉಪಕಾರವಲ್ಲವೇ? ಒಂದು ಸರದಿ ಬೇಗ ಬಿದ್ದ ದೈತ್ಯ ಮುಂದಿನ ಪೆಟ್ಟನ್ನು ಹೊಡೆಯುವುದೇ ಇಲ್ಲ. ಹೊಡೆಯದ ಪೆಟ್ಟಿಗೆ ಪಟ್ಟಿ ಕಟ್ಟಬೇಕಾಗಿಲ್ಲ.

ಹಾಗೆಂದು ವಾಸಿಯ ಮಂತ್ರವನ್ನೇ ಬಿಟ್ಟುಬಿಡಿ ಎನ್ನುವ ಒರಟರ ಪಕ್ಷ ನನ್ನದಲ್ಲ. ಹೀಲಿಂಗ್ ವರ್ಡ್ ಎಂಬ ಪುಟ್ಟ ಮಂತ್ರವನ್ನು ತಪ್ಪದೆ ಇಟ್ಟುಕೊಳ್ಳಿ. ಅದನ್ನು 60 ಅಡಿ ದೂರದಿಂದ ಹೇಳಬಹುದು, ಅದೂ ಬೋನಸ್ ಆಕ್ಷನ್ ಎಂಬ ಸಣ್ಣ ಅವಕಾಶದಲ್ಲಿ. ಮುಖ್ಯ ಕೆಲಸಕ್ಕೆ ಕೈ ಬಿಡುವಾಗಿಯೇ ಇರುತ್ತದೆ. ಈ ಆಟದಲ್ಲಿ ಸೊನ್ನೆಗೆ ಬಿದ್ದವನಿಗೆ ಒಂದೇ ಅಂಕ ಸಿಕ್ಕಿದರೂ ಎದ್ದು ಹೊಡೆದಾಡಬಲ್ಲ. ಆದ್ದರಿಂದ ಬಿದ್ದವನನ್ನು ಒಂದು ಮಾತಿನಿಂದ ಎಬ್ಬಿಸಿ, ಅದೇ ಸರದಿಯಲ್ಲಿ ಗದೆಯನ್ನು ಬೀಸಿ. ಇದು 2014ರ ನಿಯಮಕ್ಕೂ 2024ರ ನಿಯಮಕ್ಕೂ ಸಮ್ಮತ. ಹತ್ತು ಅಂಕ ಕಡಿಮೆಯಾಯಿತೆಂದು ಕೊಸರಾಡುವ ವೀರನಿಗೆ 'ಸ್ವಲ್ಪ ತಡಿ ಕಣೋ' ಎನ್ನಿ. ತರಚಿದ ಮಂಡಿಗೆಲ್ಲ ಆಸ್ಪತ್ರೆಗೆ ಓಡುವುದಿಲ್ಲವಲ್ಲ.

ಈಗ ಆಯ್ಕೆಯ ವಿವರಕ್ಕೆ ಬರೋಣ. ಮೊದಲು ನಿಮ್ಮ ಪಾತ್ರದ ಮೈಬಲ ಎಷ್ಟು, ಜ್ಞಾನಬಲ ಎಷ್ಟು ಎಂದು ನೋಡಿಕೊಳ್ಳಿ. ಗದೆಯ ಪೆಟ್ಟು ಮೈಬಲದಿಂದ, ಮಂತ್ರದ ಪೆಟ್ಟು ಜ್ಞಾನಬಲದಿಂದ. ಮೈಬಲ ಕಡಿಮೆಯಿದ್ದರೆ ಭಾರಿ ಸುತ್ತಿಗೆ ಹೊತ್ತು ಬೀಗುವುದರಲ್ಲಿ ಅರ್ಥವಿಲ್ಲ. ಆಗ ಕ್ಯಾಂಟ್ರಿಪ್‌ಗಳನ್ನು, ಅಂದರೆ ಖರ್ಚಾಗದೆ ಎಷ್ಟು ಸಲ ಬೇಕಾದರೂ ಹೇಳಬಹುದಾದ ಮಂತ್ರಗಳನ್ನು, ಆಯುಧದಂತೆ ಬಳಸಿ. ಸೇಕ್ರೆಡ್ ಫ್ಲೇಮ್ ಮೇಲಿನಿಂದ ಇಳಿಯುವ ಜ್ವಾಲೆ. ಗೋಡೆಯ ಮರೆ ಅದನ್ನು ತಡೆಯದು, ಚುರುಕಿನವನು ಮಾತ್ರ ತಪ್ಪಿಸಿಕೊಂಡಾನು. ಆದ್ದರಿಂದ ಮಂದಗತಿಯವರ ಮೇಲೆ ಅದನ್ನು ಬಳಸಿ. ಸತ್ತೆದ್ದು ನಡೆಯುವ ಜೋಂಬಿಗೆ ಅದು ವಿಶೇಷವಾಗಿ ತಕ್ಕದ್ದು. ಜೋಂಬಿ ಬಿದ್ದರೂ ಮತ್ತೆ ಏಳುವ ಮೊಂಡ, ಆದರೆ ದಿವ್ಯಪ್ರಕಾಶದ ಪೆಟ್ಟಿನಿಂದ ಬಿದ್ದರೆ ಏಳಲಾರ. ಚುರುಕಾದ ಶತ್ರುವಿಗೆ ಟೋಲ್ ದ ಡೆಡ್ ಎಂಬ ಸಾವಿನ ಗಂಟೆ ಇದೆ. ಅವನಿಗೆ ಅದಾಗಲೇ ಒಂದು ಗೀರಾದರೂ ಆಗಿದ್ದರೆ ಅದರ ದಾಳ 8 ಮುಖದಿಂದ 12 ಮುಖಕ್ಕೆ ಏರುತ್ತದೆ. ಮೊದಲು ಬೇರೆಯವರು ಹೊಡೆಯಲಿ, ನೀವು ಆಮೇಲೆ ಗಂಟೆ ಬಾರಿಸಿ.

ಹಾಗಾದರೆ ಗದೆ ಬೇಡವೇ? ಬೇಕು. ಅಸ್ಥಿಪಂಜರಗಳು ಎದುರಾದಾಗ ಅದರ ಬೆಲೆ ತಿಳಿಯುತ್ತದೆ. ಜಜ್ಜುವ ಪೆಟ್ಟಿನಿಂದ ಅವುಗಳಿಗೆ ಎರಡು ಪಟ್ಟು ನಷ್ಟ. ಅಲ್ಲಿ ಕತ್ತಿ ಹಿಡಿದ ವೀರನಿಗಿಂತ ಗದೆ ಹಿಡಿದ ನೀವೇ ಮೇಲು. ಎಡಗೈಗೆ ಗುರಾಣಿ ಇರಲಿ. ಮೂರನೆಯ ಹಂತಕ್ಕೆ ಬಂದಾಗ ಸ್ಪಿರಿಚುಯಲ್ ವೆಪನ್ ಸಿಗುತ್ತದೆ. ಗಾಳಿಯಲ್ಲಿ ತೇಲುತ್ತ ತಾನೇ ಹೊಡೆಯುವ ಈ ಆಯುಧ 1978ರಲ್ಲಿ ಸ್ಪಿರಿಚುಯಲ್ ಹ್ಯಾಮರ್ ಎಂಬ ಬರೀ ಸುತ್ತಿಗೆಯಾಗಿತ್ತು. ಅದು ಒಂದು ನಿಮಿಷ ನಿಲ್ಲುತ್ತದೆ, ನಿಮ್ಮ ಸಣ್ಣ ಅವಕಾಶದಲ್ಲೇ ಹೊಡೆಯುತ್ತದೆ. ಐದನೆಯ ಹಂತದಲ್ಲಿ ಸ್ಪಿರಿಟ್ ಗಾರ್ಡಿಯನ್ಸ್ ಬರುತ್ತದೆ. ನಿಮ್ಮ ಸುತ್ತ 15 ಅಡಿ ದೂರದವರೆಗೆ ರಕ್ಷಕಾತ್ಮಗಳು ಸುಳಿಯುತ್ತ, ಒಳಗೆ ಕಾಲಿಟ್ಟ ಪ್ರತಿಯೊಬ್ಬ ಶತ್ರುವಿಗೂ ಸರಾಸರಿ ಹದಿಮೂರೂವರೆ ಅಂಕದ ಪೆಟ್ಟು ಕೊಡುತ್ತವೆ. ತಡೆದುಕೊಂಡವನಿಗೂ ಅದರ ಅರ್ಧ ತಪ್ಪದು. ಈ ಮಂತ್ರ ಹಿಂದೆ ನಿಂತವರಿಗೆ ಉಪಯೋಗವಿಲ್ಲ. ಶತ್ರುಗಳ ನಡುವೆ ನಡೆದುಹೋಗಬೇಕು. ಕ್ಲೆರಿಕ್‌ಳ ಜಾಗ ಎಲ್ಲಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೇ? ಒಂದು ಎಚ್ಚರ: 2014ರ ನಿಯಮದಲ್ಲಿ ತೇಲುವ ಆಯುಧವನ್ನೂ ಈ ಆತ್ಮಗಳನ್ನೂ ಒಟ್ಟಿಗೆ ನಡೆಸಬಹುದಿತ್ತು. 2024ರದಲ್ಲಿ ಎರಡಕ್ಕೂ ಏಕಾಗ್ರತೆ ಬೇಕು, ಆದ್ದರಿಂದ ಒಂದನ್ನೇ ಆರಿಸಬೇಕು. ಶತ್ರುಗಳು ಹಲವರಿದ್ದರೆ ಆತ್ಮಗಳು, ಒಬ್ಬನೇ ಇದ್ದರೆ ಆಯುಧ.

ಇದರಲ್ಲಿ ಯಾವುದೂ ಜನ್ಮಕ್ಕೆ ಅಂಟಿಕೊಂಡದ್ದಲ್ಲ. ರಾತ್ರಿ ವಿಶ್ರಾಂತಿ ಕಳೆದು ಬೆಳಗಾದರೆ ಕ್ಲೆರಿಕ್ ತನ್ನ ಮಂತ್ರಗಳ ಪಟ್ಟಿಯನ್ನು ಬದಲಿಸಿಕೊಳ್ಳಬಹುದು. ಇವತ್ತು ಸ್ಮಶಾನಕ್ಕೆ ಹೋಗುವುದಾದರೆ ಒಂದು ಪಟ್ಟಿ, ನಾಳೆ ಅರಮನೆಗಾದರೆ ಇನ್ನೊಂದು. ಮೊದಲ ಹಂತದಲ್ಲಿ ಜ್ಞಾನಬಲ ಚೆನ್ನಾಗಿದ್ದರೆ ನಾಲ್ಕು ಮಂತ್ರ ಸಿದ್ಧವಿಟ್ಟುಕೊಳ್ಳಬಹುದು. ನನ್ನ ಸಲಹೆ ಕೇಳುವುದಾದರೆ, ನಾಲ್ಕರಲ್ಲಿ ಒಂದು ವಾಸಿಗೆ, ಎರಡು ಹೊಡೆತಕ್ಕೆ, ಉಳಿದದ್ದು ನಿಮ್ಮ ಖುಷಿಗೆ. ಖುಷಿಗೆ ಎಂದು ಒಂದನ್ನು ಉಳಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ. ಅಭ್ಯಾಸವಿಲ್ಲದ್ದರಿಂದ ನಮಗೆ ಮೊದಲು ಮರೆಯುವುದು ಅದೇ.

'ಬರೀ ಆಟ ತಾನೇ, ಇಷ್ಟೊಂದು ಹಚ್ಚಿಕೊಳ್ಳಬೇಕೆ?' ಎನ್ನುವವರಿಗೆ ಕೊನೆಯದಾಗಿ ಒಂದು ಮಾತು. ಬರೀ ಆಟವಾಗಿದ್ದರೆ ಆ ಹುಡುಗಿ ನಾಲ್ಕನೆಯ ಭಾನುವಾರವೂ ಬರುತ್ತಿದ್ದಳು. ಮೂವತ್ತು ವರ್ಷ ಮಕ್ಕಳೊಡನೆ ಕಳೆದವಳು ನಾನು. ಮಕ್ಕಳು ಪಾಠದಲ್ಲಿ ಕಲಿತದ್ದನ್ನು ಪರೀಕ್ಷೆಯ ಮರುದಿನ ಮರೆಯುತ್ತಾರೆ, ಆಟದಲ್ಲಿ ಕಲಿತದ್ದನ್ನು ಮರೆಯುವುದಿಲ್ಲ. ಯಾರು ಮುಂದೆ ನಿಲ್ಲಬೇಕು, ಯಾರು ಹಿಂದೆ, ಯಾರ ಸರದಿ ಯಾರ ಸೇವೆಗೆ ಎಂಬುದನ್ನು ಅವರು ಕಲಿಯುವುದೇ ಮೈದಾನದಲ್ಲಿ, ಮೇಜಿನ ಸುತ್ತ. 'ನಿನಗೆ ಎಷ್ಟು ಬೇಕು?' ಎಂದು ಕೇಳುತ್ತಲೇ ಬೆಳೆದ ಹುಡುಗಿಗೆ ಕಲ್ಪನೆಯ ಲೋಕದಲ್ಲೂ ಅದೇ ಸೌಟು ಕೊಡುವುದಾದರೆ ಆ ಲೋಕವನ್ನು ಕಲ್ಪಿಸಿಕೊಂಡು ಬಂದ ಭಾಗ್ಯವೇನು? ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎನ್ನುತ್ತಾರೆ. ಇಲ್ಲಿ ಮಾಡುವುದೂ ಬಡಿಸುವುದೂ ಒಬ್ಬಳೇ, ಮೇಲಾದವರು ಮಾತ್ರ ಬೇರೆ.

ಇದು ಹುಡುಗಿಯರ ಮಾತಷ್ಟೇ ಅಲ್ಲ. ಮೆತ್ತನೆಯ ಸ್ವಭಾವದ ಹುಡುಗರ ಪಾಲಿಗೂ, ಹೊಸದಾಗಿ ಬಂದವರ ಪಾಲಿಗೂ ಈ ಪಾತ್ರ ಹೀಗೇ ಬಂದು ಬೀಳುತ್ತದೆ. ಅವರಿಗೂ ನಾನು ಹೇಳುವುದು ಇದನ್ನೇ. ವಾಸಿ ಮಾಡಬೇಕೆಂದು ನಿಮಗೇ ಆಸೆಯಿದ್ದರೆ ಸಂತೋಷವಾಗಿ ಮಾಡಿ. ಲೈಫ್ ಡೊಮೇನ್ ಎಂಬ ಜೀವದೇವತೆಯ ದಾರಿ ಅದಕ್ಕೆಂದೇ ಇದೆ, ಅದರಲ್ಲಿ ಹಿರಿಮೆಯೂ ಇದೆ. ಆದರೆ ಅದು ನೀವು ಆರಿಸಿಕೊಂಡದ್ದಾಗಿರಲಿ, ನಿಮ್ಮ ತಲೆಗೆ ಕಟ್ಟಿದ್ದಾಗದಿರಲಿ. ಗಾಯಾಳುಗಳು ಕೇಳಿದ ಕೂಡಲೇ ಕೊಡಬೇಕೆಂಬ ನಿಯಮ ಯಾವ ಆವೃತ್ತಿಯಲ್ಲೂ ಇಲ್ಲ. ನಿಮ್ಮ ಸರದಿ ನಿಮ್ಮದು.

ಆದ್ದರಿಂದ ತಾಯಂದಿರೇ, ಚಿಕ್ಕಮ್ಮ ದೊಡ್ಡಮ್ಮಂದಿರೇ, ನಿಮ್ಮ ಮನೆಯ ಮೇಜಿನ ಮೇಲೂ ಒಂದು ದಿನ ಈ ಬಣ್ಣಬಣ್ಣದ ದಾಳಗಳು ಉರುಳಿಯಾವು. ಆಗ 'ಏನು ತಿಂತೀರಿ?' ಎಂದು ಕೇಳುವುದಕ್ಕೆ ಮೊದಲು ಅಲ್ಲಿ ಕ್ಲೆರಿಕ್ ಯಾರು ಎಂದು ಕೇಳಿ. ಅವಳ ಹಾಳೆಯನ್ನು ಕೈಗೆ ತೆಗೆದುಕೊಳ್ಳಿ. ಅದರಲ್ಲಿ ಆಯುಧ ಎಂದು ಬರೆದಿರುವ ಸಾಲು ಖಾಲಿಯಿದ್ದರೆ, ಅಥವಾ ಬೇರೆ ಯಾರದೋ ಕೈಬರಹದಲ್ಲಿ ತುಂಬಿದ್ದರೆ, ಒಂದು ರಬ್ಬರನ್ನೂ ಒಂದು ಪೆನ್ಸಿಲನ್ನೂ ಅವಳ ಕೈಗೆ ಕೊಡಿ. ಮುಂದಿನದನ್ನು ಅವಳು ನೋಡಿಕೊಳ್ಳುತ್ತಾಳೆ.